ಏನೂ ಇಲ್ಲ ಅನ್ನಬ್ಯಾಡ

ನನ್ನ ಕೊರಳಿನ ಗಂಟನ್ನು ಮೊದಲು ಕಂಡವಳು ನಮ್ಮ ಓಣಿಯಲ್ಲಿ ಬಟ್ಟೆ ಹೊಲಿಯುವ ಲಕ್ಷ್ಮಕ್ಕ. ಕುಪ್ಪಸದ ಅಳತೆಗೆಂದು ಟೇಪನ್ನು ಕುತ್ತಿಗೆಯ ಹತ್ತಿರ ತಂದವಳು ಹಾಗೇ ನಿಂತಳು.

"ಮೇಡಂ, ಒಂದ್ಸಲ ಉಗುಳು ನುಂಗ್ರಿ."

ನುಂಗಿದೆ.

"ಇಲ್ಲೊಂದು ಗೋಲಿ ಇದ್ದಂಗ ಐತಲ್ರಿ. ಮ್ಯಾಲ ಹೋಗಿ ಕೆಳಗ ಬರಾಕ ಹತ್ತೈತಿ."

"ಅದನ್ನೂ ಸೇರಿಸಿ ಅಳತಿ ತಗೋ" ಎಂದು ನಕ್ಕೆ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು, ಬಾಯಿ ಒಣಗುವ ತನಕ ಉಗುಳು ನುಂಗಿ ನುಂಗಿ ನೋಡಿದೆ. ಅವಳು ಹೇಳಿದ್ದು ನಿಜವಾಗಿತ್ತು.

ನಾನು ಕುರುಗೋಡಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸುವವಳು. ತವರು ಸಿರುಗುಪ್ಪ ತಾಲ್ಲೂಕಿನ ಕರೂರು, ಮದುವೆಯಾಗಿ ಬಂದದ್ದು ಬಳ್ಳಾರಿಯ ಕೌಲ್ ಬಜಾರಿಗೆ. ನಮ್ಮದು ತಲೆಮಾರುಗಳಿಂದ ಹತ್ತಿ ಹಿಂಜಿ ಗಾದಿ ಮಾಡುವ ಮುಸ್ಲಿಂ ಮನೆತನ, ಮನೆಮಾತು ಕನ್ನಡ. ಗಂಡ ಹೊನ್ನೂರಸಾಬ್ ಈಗಲೂ ಅದೇ ಕಸುಬು ಮಾಡುತ್ತಾರೆ. ಮನೆಯ ಮುಂಭಾಗವೇ ಅಂಗಡಿ. ಮಕ್ಕಳಿಲ್ಲದ ಮನೆ, ನಾವಿಬ್ಬರೇ.

ಅವರ ಬಗ್ಗೆ ಒಂದು ಸಂಗತಿ ಇಲ್ಲಿಯೇ ಹೇಳಬೇಕು. ನನ್ನ ಗಂಡನಿಗೆ ಕಾಯಿಲೆಯೆಂದರೆ ಭಯ. ತಮ್ಮದಲ್ಲ, ಬೇರೆಯವರದು. ನಾನು ಎರಡು ಸಲ ಕೆಮ್ಮಿದರೆ ಸಾಕು, ಸೂಜಿ ಕೆಳಗಿಟ್ಟು ಎದ್ದು ಬರುತ್ತಾರೆ. ಅವರಿಗೆ ಹತ್ತೊಂಬತ್ತು ವರ್ಷವಿದ್ದಾಗ ಅವರ ತಾಯಿ ಆಸ್ಪತ್ರೆ ಸೇರಿದ್ದರಂತೆ. ಬಂದ ನೆಂಟರೆಲ್ಲ "ಏನೂ ಇಲ್ಲಲೇ, ಸಣ್ಣ ಜ್ವರ, ನೀ ಹೋಗಿ ಕೆಲಸ ನೋಡು" ಎಂದರಂತೆ. ಇವರು ಯಾವುದೋ ಮದುವೆಯ ಗಾದಿ ಹೊಲಿಯಲು ಹೋದರು. ವಾಪಸು ಬರುವಷ್ಟರಲ್ಲಿ ತಾಯಿ ಇರಲಿಲ್ಲ. ಈ ಕಥೆಯನ್ನು ಮದುವೆಯಾದ ಹೊಸದರಲ್ಲೇ ಕೇಳಿದ್ದೆ. ಕೇಳಿದ್ದೆ ಅಷ್ಟೇ, ಅದರೊಳಗೆ ಏನಿದೆ ಎಂದು ಯೋಚಿಸಿರಲಿಲ್ಲ. ಎರಡು ವರ್ಷದ ಹಿಂದೊಮ್ಮೆ ಅವರಿಗೆ ಎದೆ ಬಿಗಿದು, ಕೈಕಾಲು ನಡುಗಿ, ಓಡಿ ಹೋಗಿ ಇಸಿಜಿ ಮಾಡಿಸಿದ್ದೆವು. ಹೃದಯ ನೆಟ್ಟಗಿತ್ತು. "ಇದು ಗಾಬರಿ, ಇದೂ ಒಂದು ಕಾಯಿಲೆನೇ, ಸುಮ್ಮನೆ ಬಿಡಬೇಡಿ" ಎಂದಿದ್ದರು ವೈದ್ಯರು. ನಾವು ಸುಮ್ಮನೆ ಬಿಟ್ಟಿದ್ದೆವು.

ಹೀಗಾಗಿ ನಾನೊಂದು ತೀರ್ಮಾನಕ್ಕೆ ಬಂದೆ. ಗಂಟಿನ ಸುದ್ದಿ ಲಕ್ಷ್ಮಕ್ಕನಿಂದ ಅವರಿಗೆ ತಲುಪಿಯೇ ತಲುಪುತ್ತದೆ, ಅದನ್ನು ತಡೆಯಲಾಗದು. ಉಳಿದದ್ದನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ ಅಂದುಕೊಂಡೆ. "ಬರೇ ರಕ್ತ ಪರೀಕ್ಷಾ ಅಂತ್ರಿ" ಎಂದು ಹೇಳಿ ಒಬ್ಬಳೇ ಆಸ್ಪತ್ರೆಗೆ ಹೋದೆ. ಕುತ್ತಿಗೆಗೆ ಸೂಜಿ ಚುಚ್ಚಿ ಏನನ್ನೋ ಎಳೆದುಕೊಂಡರು. ವಾರ ಬಿಟ್ಟು ಬರಲು ಹೇಳಿದರು.

ಆ ವಾರದ ನಂತರದ ಬೆಳಿಗ್ಗೆ ನೆನಪಿದೆ. ಉದ್ದ ವರಾಂಡ, ಎರಡು ಸಾಲು ಕಬ್ಬಿಣದ ಕುರ್ಚಿ. ನನ್ನ ಪಕ್ಕದಲ್ಲಿ ಒಬ್ಬ ಅಜ್ಜ ತೆಲುಗಿನಲ್ಲಿ ತನ್ನ ಮಗಳಿಗೆ ಫೋನಿನಲ್ಲಿ ಬೆಳೆಯ ಸುದ್ದಿ ಹೇಳುತ್ತಿದ್ದ. ತಾನು ಎಲ್ಲಿದ್ದೇನೆ ಎಂಬುದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ. ನನ್ನಂಥವನೇ ಇನ್ನೊಬ್ಬ ಎಂದುಕೊಂಡೆ. ಅಲ್ಲಿ ಕೂತವರೆಲ್ಲ ಬಾಗಿಲನ್ನು ನೋಡುತ್ತಿದ್ದರು, ಬಾಗಿಲು ತೆರೆದಾಗ ಮಾತ್ರ ಬೇರೆ ಕಡೆ ನೋಡುತ್ತಿದ್ದರು.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ನಿಮ್ಮ ಜೊತೆ ಯಾರು ಬಂದಿದಾರೆ?" ಎಂದು ಕೇಳಿದರು. ಆ ಪ್ರಶ್ನೆಯಲ್ಲಿಯೇ ಉತ್ತರ ಸಿಕ್ಕಿತು.

"ಯಾರೂ ಬಂದಿಲ್ರಿ. ನನಗ ಹೇಳ್ರಿ."

ಅವರು ಮೇಜಿನ ಆಚೆಯಿಂದ ತಮ್ಮ ಕುರ್ಚಿಯನ್ನು ಎಳೆದುಕೊಂಡು ನನ್ನ ಕಡೆ ಬಂದು ಕೂತರು. ಅಷ್ಟು ಮಂದಿ ಹೊರಗೆ ಕಾಯುತ್ತಿರುವಾಗ ಅವರು ಮಾಡಿದ ಆ ಕೆಲಸವನ್ನು ನಾನು ಇವತ್ತಿಗೂ ಮರೆತಿಲ್ಲ. "ಇದು ಕ್ಯಾನ್ಸರೇ. ಥೈರಾಯ್ಡ್ ಗ್ರಂಥಿದು. ಆದರೆ ನಿಧಾನವಾಗಿ ಬೆಳೆಯೋ ಜಾತಿ, ತೆಗೆದರೆ ಬಹಳಷ್ಟು ಜನ ಚೆನ್ನಾಗಿರ್ತಾರೆ" ಎಂದರು. ಸ್ವಲ್ಪ ತಡೆದು, "ನೀವು ಟೀಚರ್ ಅಲ್ವಾ? ದನಿಯ ನರ ಅದರ ಪಕ್ಕದಲ್ಲೇ ಹೋಗುತ್ತೆ. ಜೋಪಾನ ಮಾಡೇ ಮಾಡ್ತೀವಿ. ಆದ್ರೂ ಮೊದಲೇ ಹೇಳಬೇಕಾದ್ದು ನನ್ನ ಕೆಲಸ" ಎಂದರು.

ಕ್ಯಾನ್ಸರ್ ಎಂಬ ಮಾತು ಆ ಹೊತ್ತಿಗೆ ನನ್ನ ಒಳಗೆ ಇಳಿಯಲೇ ಇಲ್ಲ. ದನಿಯ ಮಾತು ಇಳಿಯಿತು.

ಮನೆಗೆ ಬಂದು ಒಗ್ಗರಣೆ ಹಾಕಿದೆ, ರೊಟ್ಟಿ ಬಡಿದೆ. ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಏನಂದ್ರು?" ಎಂದರು. ಬೆನ್ನು ತಿರುಗಿಸಿಕೊಂಡೇ, "ಥೈರಾಯ್ಡ್ ಅಂತ್ರಿ. ಗುಳಿಗಿ ನುಂಗಿದ್ರ ಹೋಗ್ತೈತಂತ. ಏನೂ ಇಲ್ಲ" ಎಂದೆ.

ಹೀಗೆ ಒಂಬತ್ತು ದಿನ ನಡೆಸಿದೆ. ನಾನು ಸಮಾಧಾನವಾಗಿದ್ದರೆ ಅವರೂ ಸಮಾಧಾನವಾಗಿರುತ್ತಾರೆ ಎಂದು ಎಲ್ಲರೂ ಹೇಳುತ್ತಾರಲ್ಲ, ಅದನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಬೆಳಿಗ್ಗೆ ಮಕ್ಕಳ ಪದ್ಯ ಗುನುಗುತ್ತಾ ಕಸ ಗುಡಿಸಿದೆ. ನೆರೆಯವರ ಜೊತೆ ಜೋರಾಗಿ ನಕ್ಕೆ. ಯಾವತ್ತೂ ಇಲ್ಲದ್ದು, ಬುಧವಾರ ಒಂದು ದಿನ ಹೋಳಿಗೆಯನ್ನೂ ಮಾಡಿದೆ. ನಾನು ಹಾಡಿದಷ್ಟೂ ಅವರು ಊಟ ಕಡಿಮೆ ಮಾಡಿದರು. ಅಂಗಡಿಯಲ್ಲಿ ಹತ್ತಿಯ ನಡುವೆ ಸುಮ್ಮನೆ ಕೂತಿರುತ್ತಿದ್ದರು. ಒಂದು ದಿನ, "ನೀ ಯಾಕ ಇಷ್ಟು ನಗಾಕ ಹತ್ತಿ?" ಎಂದು ಕೇಳಿದರು. ಅದಕ್ಕೂ ನಕ್ಕೆ.

ಹತ್ತನೆಯ ದಿನ ಆಸ್ಪತ್ರೆಯವರು ಶಸ್ತ್ರಚಿಕಿತ್ಸೆಯ ದಿನ ತಿಳಿಸಲು ಫೋನು ಮಾಡಿದರು. ಚೀಟಿ ಮಾಡಿಸುವಾಗ ಎರಡನೆಯ ನಂಬರು ಕೇಳಿದ್ದಕ್ಕೆ ನಾನೇ ಗಂಡನ ನಂಬರು ಬರೆಸಿದ್ದೆ. ನಾನು ಪಾಠದಲ್ಲಿದ್ದೆ, ನನ್ನ ಫೋನು ಚೀಲದಲ್ಲಿತ್ತು. ಹೀಗಾಗಿ ಆ ಕರೆ ಅವರಿಗೆ ಹೋಯಿತು. ಯಾವ ವಿಭಾಗ, ಯಾವ ಆಪರೇಷನ್, ಎಲ್ಲವನ್ನೂ ಆ ಕಡೆಯ ಹುಡುಗಿ ಸ್ಪಷ್ಟವಾಗಿ ಓದಿ ಹೇಳಿದಳಂತೆ. ಇವರು ಅಂಗಡಿಯ ಬಾಗಿಲು ಎಳೆದುಕೊಂಡು ಕುರುಗೋಡಿನ ಬಸ್ಸು ಹತ್ತಿದರು.

ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ನಮ್ಮ ಬಸ್ಸಿನ ಕಂಡಕ್ಟರ್ ಶಾಲೆಗೆ ಫೋನು ಮಾಡಿದ. ದಿನಾ ಅದೇ ಬಸ್ಸಿನಲ್ಲಿ ಓಡಾಡುವವಳಾದ್ದರಿಂದ ಅವನಿಗೆ ನನ್ನ ಪರಿಚಯವಿತ್ತು. "ಮೇಡಂ, ನಿಮ್ಮ ಯಜಮಾನ್ರಿಗೆ ಆರಾಮಿಲ್ಲ, ಬಸ್ ಸ್ಟ್ಯಾಂಡಿನಾಗ ಕುಂದ್ರಿಸೀನಿ, ಜಲ್ದಿ ಬರ್ರಿ."

ಹೋದಾಗ ಅವರು ಸಿಮೆಂಟಿನ ಕಟ್ಟೆಯ ಮೇಲೆ ಕೂತಿದ್ದರು. ಅಂಗಿ ಬೆವರಿನಲ್ಲಿ ತೊಯ್ದು ಮೈಗೆ ಅಂಟಿತ್ತು. ಬೆರಳುಗಳು ಸೆಟೆದು ಬಾಗಿದ್ದವು. ಓಡಿ ಬಂದವರ ಹಾಗೆ ಉಸಿರು ಬರುತ್ತಿತ್ತು. ಸುತ್ತ ಹತ್ತು ಮಂದಿ. ಒಬ್ಬರು ಸೋಡಾ ಕುಡಿಸಿ ಎನ್ನುತ್ತಿದ್ದರು, ಒಬ್ಬರು ಉಳ್ಳಾಗಡ್ಡಿ ಮೂಸಿಸಿ ಎನ್ನುತ್ತಿದ್ದರು. ನಾನು ಕಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ನಾಲಿಗೆಗೆ ಅಭ್ಯಾಸವಾಗಿದ್ದ ಮಾತನ್ನೇ ಹೇಳಿದೆ. "ಏನೂ ಇಲ್ಲರಿ. ಏನೂ ಆಗಿಲ್ಲ."

"ಏನೂ ಇಲ್ಲ ಅನ್ನಬ್ಯಾಡ!"

ಅವರು ನನ್ನ ಮೇಲೆ ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು. "ನಮ್ಮವ್ವಗೂ ಹಿಂಗ ಅಂದಿದ್ರು. ಏನೂ ಇಲ್ಲ, ಏನೂ ಇಲ್ಲ ಅಂತ ಎಲ್ಲಾರೂ ಅಂದ್ರು. ನಾನು ಗಾದಿ ಹೊಲಿಯಾಕ ಹೋದೆ."

ಇಷ್ಟು ವರ್ಷ ಒಟ್ಟಿಗೆ ಬಾಳಿದ ಮೇಲೆ ಆ ಕಥೆ ನನಗೆ ಅರ್ಥವಾದದ್ದು ಆ ಕಟ್ಟೆಯ ಮುಂದೆ. ಬೇರೆಯವರಿಗೆ ಧೈರ್ಯ ಕೊಡುವ ಮಾತು ಇವರಿಗೆ ಸಾವಿನ ಸುದ್ದಿಯ ಮಾತು. ಒಂಬತ್ತು ದಿನ ನಾನು ಅದನ್ನೇ ಅವರ ಕಿವಿಯಲ್ಲಿ ಹೇಳುತ್ತಾ ಬಂದಿದ್ದೆ.

ಕಂಡಕ್ಟರಿಗೆ ಕಣ್ಣಲ್ಲೇ ಸನ್ನೆ ಮಾಡಿದೆ, ಅವನು ಜನರನ್ನು ದೂರ ಕಳಿಸಿದ. ಅವರ ಪಕ್ಕದಲ್ಲಿ ಕೂತೆ. ನನಗೆ ಧ್ಯಾನ ಗೀನ ಗೊತ್ತಿಲ್ಲ. ಗೊತ್ತಿದ್ದದ್ದು ಉಕ್ತಲೇಖನ ಬರೆಸುವುದು. ಮಕ್ಕಳು ಬರೆದು ಮುಗಿಸುವ ತನಕ ಕಾದು ಮುಂದಿನ ವಾಕ್ಯ ಹೇಳುತ್ತೇವಲ್ಲ, ಹಾಗೆ ಹೇಳಿದೆ.

"ಕ್ಯಾನ್ಸರ್ ಐತ್ರಿ."

ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಒಮ್ಮೆ ಉಸಿರು ಬಿಡುವ ತನಕ ಕಾದೆ.

"ಗಂಟಲದಾಗ ಐತಿ. ಸಣ್ಣದೈತಿ."

ಕಾದೆ.

"ಆಪರೇಷನ್ ಮಾಡಿ ತಗೀತಾರ. ಬಹಳ ಮಂದಿ ಆರಾಮ ಆಗ್ತಾರಂತ."

ಕಾದೆ.

"ನನ್ನ ದನಿ ಹೋದ್ರೂ ಹೋಗಬಹುದಂತ. ಆಮ್ಯಾಲಿಂದು ಪೂರ್ತಿ ನನಗೂ ಗೊತ್ತಿಲ್ಲ."

ಅವರು ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದರು. "ನಿನಗ ಅಂಜಿಕಿ ಇಲ್ಲೇನು?"

"ಐತ್ರಿ. ಈ ಕೈ ನೋಡ್ರಿ" ಎಂದು ನನ್ನ ಕೈಯನ್ನು ಅವರ ಸೆಟೆದ ಕೈಯ ಮೇಲಿಟ್ಟೆ. ಅದು ನಡುಗುತ್ತಿತ್ತು. ಮುಚ್ಚಿಡಲು ಹೋಗಲಿಲ್ಲ. ವಿಚಿತ್ರವೆಂದರೆ, ನನ್ನ ನಡುಕ ಕಂಡ ಮೇಲೆ ಅವರ ಉಸಿರು ಇಳಿಯತೊಡಗಿತು. ಬಹಳ ಹೊತ್ತಾದ ಮೇಲೆ ಬೆರಳುಗಳು ಒಂದೊಂದಾಗಿ ಸಡಿಲವಾದವು. "ಒಂಬತ್ತು ದಿನ ಒಬ್ಬಾಕಿನೇ ಹೊತ್ತುಕೊಂಡು ತಿರುಗಿದಿಯಲ್ಲ" ಎಂದರು. ಅಷ್ಟು ದಿನ ತಡೆದದ್ದೆಲ್ಲ ಆ ಮಾತಿಗೆ ಹೊರಗೆ ಬಂತು. ಬಸ್ ಸ್ಟ್ಯಾಂಡಿನಲ್ಲಿ, ನನ್ನ ಶಾಲೆಯ ಮಕ್ಕಳ ತಾಯಂದಿರು ನೋಡುತ್ತಿರುವಾಗಲೇ ಅತ್ತೆ. ಕಂಡಕ್ಟರ್ ದೂರದಿಂದ, "ಅವಸರ ಮಾಡಬ್ಯಾಡ್ರಿ ಮೇಡಂ, ಬಸ್ ನಿಂತಿರತೈತಿ" ಎಂದ. ಬಳ್ಳಾರಿಯ ಬಸ್ಸು ಆ ದಿನ ನಮಗಾಗಿ ತಡವಾಗಿ ಹೊರಟಿತು. ಒಳಗಿದ್ದವರು ಯಾರೂ ಗೊಣಗಲಿಲ್ಲ.

ಅಲ್ಲಿಂದ ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಆಪರೇಷನ್ನಿಗೆ ಮುಂಚೆ ಅವರಿಗೆ ಇನ್ನೂ ಎರಡು ಸಲ ಎದೆ ಬಿಗಿಯಿತು. ಒಂದು ಸಲ ನಾನು ತಾಳ್ಮೆ ಕಳೆದುಕೊಂಡು, "ರೋಗ ಬಂದಿದ್ದು ನನಗೋ ನಿಮಗೋ?" ಎಂದು ಕೇಳಿಬಿಟ್ಟೆ. ಅವರು ಅಂಗಡಿಗೆ ಹೋಗಿ ಕೂತರು. ಸ್ವಲ್ಪ ಹೊತ್ತಿನ ನಂತರ ಚಹಾ ಹಿಡಿದು ಹೋಗಿ, "ತಪ್ಪಾತು" ಎಂದೆ. "ಇಲ್ಲ, ನೀ ಕೇಳಿದ್ದು ಖರೇ ಐತಿ" ಎಂದರು. ಮರುದಿನ ಇಬ್ಬರೂ ಹೋಗಿ, ಎರಡು ವರ್ಷದ ಹಿಂದೆ ಕಾಣಬೇಕಿದ್ದ ಮನೋವೈದ್ಯರನ್ನು ಕಂಡೆವು. ನನ್ನ ಗಂಡನಿಗೆ ಗುಳಿಗೆ ಶುರುವಾಯಿತು.

ನನ್ನ ಆಸ್ಪತ್ರೆಯ ಫೈಲನ್ನು ಅವರ ಕೈಗೆ ಕೊಟ್ಟೆ. ಅದು ಅವರಿಗೆ ಬಹಳ ಒಗ್ಗಿತು. ಡಾಕ್ಟರಿಗೆ ಕೇಳಬೇಕಾದದ್ದನ್ನು ತಮ್ಮ ಸೊಟ್ಟ ಅಕ್ಷರದಲ್ಲಿ ಬರೆದು ತಂದರು. "ಊಟ ಯಾವಾಗ? ಮಾತು ಯಾವಾಗ? ನಾನು ಒಳಗೆ ಬರಬಹುದಾ?" ಡಾಕ್ಟರು ಒಂದನ್ನೂ ಬಿಡದೆ ಉತ್ತರಿಸಿದರು. "ಬಾಗಿಲ ತನಕ ಬರಬಹುದು" ಎಂದಾಗ ಅದನ್ನೂ ಬರೆದುಕೊಂಡರು. ಆಪರೇಷನ್ ಆದ ಮೇಲೆ ತಲೆ ಎತ್ತರದಲ್ಲಿರಬೇಕು ಎಂದು ಕೇಳಿ ಬಂದವರು, ಒಳ್ಳೆಯ ಹತ್ತಿ ಆರಿಸಿ ಇಳಿಜಾರಿನ ದಿಂಬೊಂದನ್ನು ಹೊಲಿದರು. ಮೂರು ಸಲ ಬಿಚ್ಚಿದರು, ಮೂರು ಸಲ ಹೊಲಿದರು. ಹೊಲಿಯುವಷ್ಟು ಹೊತ್ತು ಅವರ ಉಸಿರು ನೆಟ್ಟಗಿರುತ್ತಿತ್ತು.

ನಮ್ಮ ಅವ್ವನಿಗೆ ಹೇಳುವುದು ಉಳಿದಿತ್ತು. ಕರೂರಿಗೆ ಇಬ್ಬರೂ ಹೋದೆವು. ಅವ್ವ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ಪಕ್ಕದಲ್ಲಿ ಕೂತು ನಿಧಾನವಾಗಿ ಎಲ್ಲವನ್ನೂ ಹೇಳಿದೆ. ಅವಳು ಮೊರವನ್ನು ಬಿಟ್ಟು ಎದೆ ಎದೆ ಬಡಿದುಕೊಂಡು ಅತ್ತಳು. "ನನಗ ಬರಬಾರದಿತ್ತೇನಲೇ ಅದು" ಎಂದಳು. ದರ್ಗಾಕ್ಕೆ ಹರಕೆ ಹೊತ್ತಳು. ನನ್ನ ಗಂಡ "ಏನೂ..." ಎಂದು ಬಾಯಿ ತೆಗೆದು ಅಲ್ಲಿಗೇ ನಿಲ್ಲಿಸಿದರು. ನಾನು ಅಳಬೇಡ ಎನ್ನಲಿಲ್ಲ. ಹರಕೆ ಯಾಕೆ ಎನ್ನಲಿಲ್ಲ. ಚೆಲ್ಲಿದ ಅಕ್ಕಿಯನ್ನು ಬಳಿದು ಮೊರಕ್ಕೆ ಹಾಕುತ್ತಾ ಅಲ್ಲೇ ಕೂತಿದ್ದೆ. ಅಳು ತಾನಾಗಿ ಇಳಿಯಿತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ನಾನು ಯಾವತ್ತು ಬರಬೇಕು, ಅದನ್ನ ಹೇಳು" ಎಂದಳು.

ಆಪರೇಷನ್ನಿನ ದಿನ ಹೊರಗೆ ನಡೆದದ್ದನ್ನು ಆಮೇಲೆ ಅವ್ವನಿಂದ ಕೇಳಿದೆ. ಎರಡು ತಾಸು ಎಂದಿದ್ದರು. ಮೂರಾಯಿತು, ಮೂರೂವರೆಯಾಯಿತು. ಅವ್ವ ಎದ್ದು ಬಾಗಿಲ ಹತ್ತಿರ ಹೋಗಿ, ಹೊರಗೆ ಬಂದವರನ್ನೆಲ್ಲ ಹಿಡಿದು ನಿಲ್ಲಿಸಿ ಕೇಳತೊಡಗಿದಳಂತೆ. ಯಾರಿಂದಲೂ ಉತ್ತರ ಸಿಗದೆ ಅಲ್ಲೇ ನೆಲಕ್ಕೆ ಕುಸಿದಳಂತೆ. ಆಗ ನನ್ನ ಗಂಡ ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕೂತು ಹೇಳಿದರಂತೆ, "ಯಾಕ ತಡ ಆಗೈತಿ ಅಂತ ನನಗೂ ಗೊತ್ತಿಲ್ಲವ್ವ. ನನಗ ಗೊತ್ತಾದ ಕೂಡ್ಲೇ ಮೊದಲು ನಿನಗ ಹೇಳ್ತೀನಿ. ಅಲ್ಲಿ ತನಕ ಇಲ್ಲೇ ಕುಂತಿರ್ತೀನಿ, ಎಲ್ಲಿಗೂ ಹೋಗಂಗಿಲ್ಲ."

"ಅವನ ಕೈಯೂ ಗಡಗಡ ಅಂತಿತ್ತಲೇ," ಎಂದಳು ಅವ್ವ. "ಆದ್ರ ಅವ ಏಳಲಿಲ್ಲ. ಅದಕ್ಕ ನಾನೂ ಏಳಲಿಲ್ಲ."

ಎಚ್ಚರವಾದಾಗ ನನ್ನ ತಲೆಯ ಕೆಳಗೆ ಅವರ ದಿಂಬಿತ್ತು. "ನೀರು" ಎಂದೆ. ತುಟಿ ಆಡಿತು, ದನಿ ಬರಲಿಲ್ಲ. ಇನ್ನೊಮ್ಮೆ ಹೇಳಿದೆ. ಗಾಳಿ ಮಾತ್ರ ಹೊರಬಂತು.

ನರ ಉಳಿದಿದೆ, ಆದರೆ ಬಾತಿದೆ ಎಂದರು ಡಾಕ್ಟರು. ವಾರಗಳಲ್ಲಿ ಮರಳಬಹುದು, ತಿಂಗಳುಗಳೂ ಆಗಬಹುದು, ಪೂರ್ತಿ ಮರಳದೆಯೂ ಇರಬಹುದು ಎಂದರು. ಇಷ್ಟು ಕಾಲ ಎಲ್ಲರನ್ನೂ ಸಮಾಧಾನ ಮಾಡಿದ ನಾನು ಈಗ ಕುಸಿದೆ. ದನಿಯಿಲ್ಲದ ಟೀಚರು ಯಾರಿಗೆ ಬೇಕು? ಅಳುವಾಗಲೂ ಸದ್ದು ಬರುತ್ತಿರಲಿಲ್ಲ, ಅದು ಇನ್ನೂ ಕಷ್ಟ. ನೋಡಲು ಬಂದವರೆಲ್ಲ "ಬರತೈತಿ ಬಿಡ್ರಿ ಮೇಡಂ, ಏನೂ ಆಗಂಗಿಲ್ಲ" ಎಂದು ಹೇಳಿ ಹೋಗುತ್ತಿದ್ದರು. ಅವರು ಒಳ್ಳೆಯವರು, ಬೇರೇನು ಹೇಳಬೇಕೆಂದು ತಿಳಿಯದವರು. ಆದರೆ ಆ ಮಾತು ಕೇಳಿಸಿಕೊಳ್ಳುವವರಿಗೆ ಎಷ್ಟು ಒಂಟಿತನ ತರುತ್ತದೆಂದು ಆಗ ತಿಳಿಯಿತು. ಅದರ ಮುಂದೆ ನಮ್ಮ ಭಯವನ್ನು ಇಡಲು ಜಾಗವೇ ಇರುವುದಿಲ್ಲ.

ನನ್ನ ಗಂಡ ಮಾತ್ರ ಒಂದು ದಿನವೂ ಬರುತ್ತದೆ ಎನ್ನಲಿಲ್ಲ. ಮನೆಗೆ ಬಂದ ಮೇಲೆ ಮಾಡಲೆಂದು ಆಸ್ಪತ್ರೆಯವರು ದನಿಯ ವ್ಯಾಯಾಮ ಕಲಿಸಿಕೊಟ್ಟಿದ್ದರು. ದಿನಾ ಬೆಳಿಗ್ಗೆ ಗಂಡ ನನ್ನನ್ನು ಮಾಳಿಗೆಯ ಮೇಲೆ ಕರೆದೊಯ್ದು ಎದುರಿಗೆ ಕೂತು, "ಒಂದು ಅನ್ನು" ಎನ್ನುತ್ತಿದ್ದರು. ನಾನು ಗಾಳಿ ಬಿಡುತ್ತಿದ್ದೆ. ಅವರು ತಲೆಯಾಡಿಸಿ "ಎರಡು" ಎನ್ನುತ್ತಿದ್ದರು. ಕೆಳಗೆ ಓಣಿಯಲ್ಲಿ ಆಟೋಗಳ ಸದ್ದು ಏರುವ ಹೊತ್ತಿಗೆ ಮುಗಿಸುತ್ತಿದ್ದೆವು. ಒಂದು ದಿನ ನಾನು ಸಿಟ್ಟಿನಿಂದ ಸ್ಲೇಟಿನ ಮೇಲೆ "ಬರದಿದ್ದರೆ?" ಎಂದು ಬರೆದು ಅವರ ಮುಖಕ್ಕೆ ಹಿಡಿದೆ. ಅವರು ಓದಿದರು. ಎದೆಯ ಮೇಲೆ ಕೈಯಿಟ್ಟುಕೊಂಡು ಎರಡು ಸಲ ಉದ್ದ ಉಸಿರು ಬಿಟ್ಟರು.

"ಬರಲಿಲ್ಲಂದ್ರ ಬಹಳ ಕೆಟ್ಟ ಅನಸ್ತೈತಿ," ಎಂದರು. "ನನಗೂ ಅನಸ್ತೈತಿ. ಆವಾಗ ಇಬ್ಬರೂ ಕುಂತು ವಿಚಾರ ಮಾಡೂಣು. ಈಗ ಮೂರು ಅನ್ನು."

ಏಳನೆಯ ವಾರ "ಮೂರು" ಎಂಬುದಕ್ಕೆ ಒಂದು ಒಡಕು ಸದ್ದು ಬಂತು. ಅವರು ಕುಣಿಯಲಿಲ್ಲ, ಕೂಗಲಿಲ್ಲ. "ಇವತ್ತು ಮೂರು ಬಂತು" ಎಂದರು. ಕೆಳಗಿಳಿದು ಅಂಗಡಿಯ ಬಾಗಿಲು ತೆರೆಯುವಾಗ ಅವರು ಒಬ್ಬರೇ ಅಳುತ್ತಿದ್ದರೆಂದು ಲಕ್ಷ್ಮಕ್ಕ ಹೇಳಿದಳು.

ಈಗ ನನಗೆ ದನಿಯಿದೆ. ಹಳೆಯದಲ್ಲ. ತಗ್ಗಿನದು, ಸಂಜೆಯ ಹೊತ್ತಿಗೆ ಒರಟಾಗುತ್ತದೆ. ಮೈದಾನದ ಆ ತುದಿಯಲ್ಲಿರುವ ಹುಡುಗರನ್ನು ಕೂಗಿ ಕರೆಯಲಾರೆ. ಪ್ರಾರ್ಥನೆಯನ್ನು ಬೇರೆ ಟೀಚರು ಹಾಡಿಸುತ್ತಾರೆ. ಅದು ನನಗೆ ಈಗಲೂ ನೋವೇ. ಆದರೆ ನಾನು ಪಾಠ ಶುರು ಮಾಡಿದರೆ ಮಕ್ಕಳು ಮುಂದಕ್ಕೆ ಬಾಗಿ ಕೇಳುತ್ತಾರೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಗುಳಿಗೆ ಇದೆ, ಆರು ತಿಂಗಳಿಗೊಮ್ಮೆ ಪರೀಕ್ಷೆ ಇದೆ. ನನ್ನ ಗಂಡನ ಗಾಬರಿಯೂ ಹೋಗಿಲ್ಲ, ಕಡಿಮೆಯಾಗಿದೆ. ಅದು ಬಂದಾಗ ಬಂತು ಎಂದು ಹೇಳುತ್ತಾರೆ, ನಾನು ಪಕ್ಕದಲ್ಲಿ ಕೂರುತ್ತೇನೆ.

ಹೋದ ತಿಂಗಳ ಸ್ಕ್ಯಾನಿನಲ್ಲಿ ಕುತ್ತಿಗೆಯ ಎಡಕ್ಕೆ ಏನೋ ಸಣ್ಣದೊಂದು ಕಂಡಿದೆ. "ಏನೂ ಅಲ್ಲದೇ ಇರಬಹುದು. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ" ಎಂದರು ಡಾಕ್ಟರು. ಹೊರಗೆ ಬಂದು ಇಬ್ಬರೂ ಬೇವಿನ ಮರದ ಕೆಳಗೆ ನಿಂತೆವು. ಅಷ್ಟರಲ್ಲಿ ಅವ್ವನ ಫೋನು. ಪರೀಕ್ಷೆಯ ದಿನ ಅವಳು ಫೋನನ್ನು ಕೈಯಲ್ಲೇ ಹಿಡಿದಿರುತ್ತಾಳೆ. ನಾನು ಗಂಡನ ಮುಖ ನೋಡಿದೆ. ಅವರು, ಹೇಳು ಎಂಬಂತೆ ತಲೆಯಾಡಿಸಿದರು.

"ಒಂದು ಸಣ್ಣದು ಕಂಡೈತವ್ವ. ಏನಂತ ಅವರಿಗೂ ಇನ್ನಾ ಗೊತ್ತಿಲ್ಲ. ಮೂರು ತಿಂಗಳಿಗೆ ಮತ್ತ ನೋಡ್ತಾರಂತ."

ಕರೂರಿನ ಅಂಗಳದ ಕೋಳಿಗಳ ಸದ್ದು ಕೇಳಿಸುತ್ತಿತ್ತು. ನಾನು ಏನನ್ನೂ ಸೇರಿಸಲಿಲ್ಲ, ಕಾದೆ. ಅವ್ವ ಮೂಗು ಸೀಟಿಕೊಂಡದ್ದು ಕೇಳಿಸಿತು.

"ಹೌದಾ," ಎಂದಳು. ಆಮೇಲೆ, "ಹಂಗಾದ್ರ ಆಯ್ತವಾರ ಇಬ್ಬರೂ ಬರ್ರಿ. ಹಸಿ ಕಡ್ಲಿ ಬಂದಾವ, ಸುಟ್ಟು ತಿನ್ನೂಣು."